ಬಿಡುವಿನ ಹಕ್ಕು: ಎಂಟು ಗಂಟೆಯ ದುಡಿಮೆ ನಡೆದು ಬಂದ ದಾರಿ

ದಿನದ 24 ಗಂಟೆಗಳನ್ನು ಮೂರು ಸಮಪಾಲು ಮಾಡಿ, ಒಂದನ್ನು ದುಡಿಮೆಗೆ, ಒಂದನ್ನು ನಿದ್ದೆಗೆ, ಇನ್ನೊಂದನ್ನು ದುಡಿಯುವವರ ಸ್ವಂತಕ್ಕೆ ಹಂಚುವ ಲೆಕ್ಕಕ್ಕೆ ‘ಎಂಟು ಗಂಟೆಯ ದಿನ’ ಎಂದು ಹೆಸರು. ಈ ಲೆಕ್ಕ ಹುಟ್ಟಿ ಸುಮಾರು ಇನ್ನೂರು ವರ್ಷಗಳಾದವು. ಅದಕ್ಕೆ ಮೊದಲು ಕಾರ್ಖಾನೆಯ ಕೆಲಸಗಾರನ ದಿನದಲ್ಲಿ ದುಡಿಮೆ ಮತ್ತು ನಿದ್ದೆ ಎಂಬ ಎರಡೇ ಪಾಲುಗಳಿದ್ದವು. ಓದುವುದು, ಹಾಡುವುದು, ಮಕ್ಕಳನ್ನು ಆಡಿಸುವುದು, ನೆಂಟರ ಮನೆಗೆ ಹೋಗಿಬರುವುದು, ಸಂಜೆ ಜಗಲಿಯ ಮೇಲೆ ನಾಲ್ಕು ಜನರೊಡನೆ ಕೂರುವುದು, ಇವೆಲ್ಲಕ್ಕೂ ಬೇಕಾದ ಮೂರನೆಯ ಪಾಲು ಇರಲಿಲ್ಲ. ಹೊತ್ತನ್ನು ಹಾಳುಮಾಡದೆ ಬಾಳನ್ನು ತುಂಬಿಕೊಳ್ಳಬೇಕೆಂದು ಹಿರಿಯರು ಎಲ್ಲ ಕಾಲದಲ್ಲೂ ಬುದ್ಧಿ ಹೇಳಿದ್ದಾರೆ. ಹಾಗೆ ತುಂಬಿಕೊಳ್ಳಲು ಮೊದಲು ಹೊತ್ತು ತನ್ನ ಕೈಯಲ್ಲಿರಬೇಕು. ದುಡಿಯುವ ಜನ ತಮ್ಮ ಹೊತ್ತನ್ನು ಮೆಟ್ಟಿಲು ಮೆಟ್ಟಿಲಾಗಿ ತಮ್ಮ ಕೈಗೆ ತಂದುಕೊಂಡದ್ದೇ ಎಂಟು ಗಂಟೆಯ ದಿನದ ಇತಿಹಾಸ.

ಹೊತ್ತು ನೋಡಿ ದುಡಿಯುತ್ತಿದ್ದ ಕಾಲ

ಕಾರ್ಖಾನೆಗಳಿಗೆ ಮೊದಲಿನ ದುಡಿಮೆ ಗಡಿಯಾರ ನೋಡಿ ನಡೆಯುತ್ತಿರಲಿಲ್ಲ. ಕನ್ನಡ ನಾಡಿನ ಹಳ್ಳಿಗಳಲ್ಲಿ ಕೋಳಿ ಕೂಗುವ ಹೊತ್ತು, ಬಿಸಿಲೇರುವ ಹೊತ್ತು, ಬುತ್ತಿ ಬರುವ ಹೊತ್ತು, ದನ ಮನೆಗೆ ಮರಳುವ ಹೊತ್ತು, ದೀಪ ಹಚ್ಚುವ ಹೊತ್ತು ಎಂದು ದಿನವನ್ನು ಗುರುತಿಸುತ್ತಿದ್ದರು. ಬಿತ್ತನೆ, ಕಳೆ, ಕುಯ್ಲು, ಒಕ್ಕಣೆಯ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಕತ್ತಲಾಗುವವರೆಗೂ ಮೈಮುರಿಯಬೇಕಿತ್ತು. ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಜಾತ್ರೆ, ಮದುವೆ, ಬಯಲಾಟಗಳಿಗೆ ಕಾಲ ಬರುತ್ತಿತ್ತು. ‘ಬಿಡುವು’ ಎಂಬ ಮಾತು ‘ಬಿಡು’ ಎಂಬುದರಿಂದ ಬಂದದ್ದು. ಆರು ಬಿಡುವುದು, ಎತ್ತು ಬಿಡುವುದು, ಕೆಲಸ ಬಿಡುವುದು ಎಂಬ ಒಕ್ಕಲುತನದ ಬಳಕೆಗಳು ಅದೇ ಬಳಗದವು.

ವಾರಕ್ಕೊಮ್ಮೆ ನಿಲ್ಲುವ ಕಟ್ಟಳೆಯೂ ಹಳೆಯದೇ. ಕರ್ನಾಟಕದ ಹಲವು ಕಡೆ ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲ. ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಮೆರೆಸುವುದುಂಟು. ಅಮಾವಾಸ್ಯೆಯಂದು ಹತಾರ ಕೆಳಗಿಡುವ ಪದ್ಧತಿ ಹಲವು ಕಸುಬುಗಳಲ್ಲಿತ್ತು. ಯೆಹೂದಿಗಳು ಏಳನೆಯ ದಿನವನ್ನು ಸಬ್ಬತ್ ಎಂದು ದುಡಿಮೆಯಿಂದ ದೂರ ಇಟ್ಟರು. ರೋಮ್ ಸಾಮ್ರಾಟ ಕಾನ್ಸ್ಟಂಟೈನ್ ಕ್ರಿ.ಶ. 321ರಲ್ಲಿ ಭಾನುವಾರವನ್ನು ನಗರಗಳ ವಿಶ್ರಾಂತಿಯ ದಿನವಾಗಿ ಸಾರಿದ. ಹದ ತಪ್ಪಬಾರದೆಂದು ಬೇಸಾಯಗಾರರನ್ನು ಮಾತ್ರ ಆ ಆಜ್ಞೆಯಿಂದ ಹೊರಗಿಟ್ಟ. ಯುರೋಪಿನ ಕಸುಬುದಾರರು ಭಾನುವಾರದ ಬೆನ್ನಿಗೇ ಬರುವ ಸೋಮವಾರವನ್ನೂ ‘ಸಂತ ಸೋಮವಾರ’ ಎಂದು ಕರೆದು ಮಗ್ಗ, ಮೊಳೆ, ಸುತ್ತಿಗೆಗಳನ್ನು ಮುಟ್ಟದೆ ಕಳೆಯುತ್ತಿದ್ದರು.

ಈ ಹಳೆಯ ಬಿಡುವು ಎಲ್ಲರಿಗೂ ಸಮನಾಗಿ ಸಿಗುತ್ತಿರಲಿಲ್ಲ. ಜೀತದಾಳಿನ ಹೊತ್ತು ಒಡೆಯನದಾಗಿತ್ತು, ಮನೆಯ ಹೆಂಗಸಿನ ಕೆಲಸಕ್ಕೆ ಸುಗ್ಗಿಯ ಕೊನೆಯೂ ಇರಲಿಲ್ಲ, ಹಬ್ಬದ ಬಿಡುವೂ ಇರಲಿಲ್ಲ. ಆದರೂ ಆ ವ್ಯವಸ್ಥೆಯಲ್ಲಿ ಕತ್ತಲೆ, ಮಳೆ, ಋತು, ಹಬ್ಬಗಳು ದುಡಿಮೆಗೆ ಒಂದು ಎಲ್ಲೆ ಹಾಕಿದ್ದವು. ಯಂತ್ರ ಬಂದ ಮೇಲೆ ಅಳಿಸಿಹೋದದ್ದು ಆ ಎಲ್ಲೆ.

ಕಾರ್ಖಾನೆಯ ಗಂಟೆ

ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಶಕ್ತಿಯಿಂದ ನಡೆಯುವ ನೂಲಿನ ಗಿರಣಿಯನ್ನು ಆರಂಭಿಸಿದ. ಹರಿಯುವ ನೀರಿಗೆ ಹಗಲು ರಾತ್ರಿಗಳ ಭೇದವಿಲ್ಲ. ಅದು ತಿರುಗಿಸುವ ಯಂತ್ರ ನಿಂತರೆ ಹೂಡಿದ ಬಂಡವಾಳ ನಷ್ಟ. ಹೀಗಾಗಿ ಗಿರಣಿ ಹನ್ನೆರಡು ಹನ್ನೆರಡು ಗಂಟೆಗಳ ಎರಡು ಪಾಳಿಗಳಲ್ಲಿ ಓಡತೊಡಗಿತು. ಗಂಟೆ ಬಾರಿಸಿದಾಗ ಗೇಟಿನೊಳಗೆ ಇರಬೇಕು, ತಡವಾದರೆ ಕೂಲಿ ಕಡಿತ. ಕೆಲವು ಗಿರಣಿಗಳಲ್ಲಿ ಮಾಲೀಕರು ಬೆಳಿಗ್ಗೆ ಗಡಿಯಾರದ ಮುಳ್ಳನ್ನು ಮುಂದಕ್ಕೆ, ಸಂಜೆ ಹಿಂದಕ್ಕೆ ಸರಿಸಿ ಕೆಲಸಗಾರರ ನಿಮಿಷಗಳನ್ನು ಕದಿಯುತ್ತಿದ್ದರು ಎಂಬ ದೂರುಗಳು ಆ ಕಾಲದ ಸಾಕ್ಷ್ಯಗಳಲ್ಲಿ ಉಳಿದಿವೆ. ಇತಿಹಾಸಕಾರ ಇ. ಪಿ. ಥಾಂಪ್ಸನ್ 1967ರಲ್ಲಿ ಬರೆದ ಹೆಸರಾಂತ ಪ್ರಬಂಧವೊಂದರಲ್ಲಿ ಈ ಬದಲಾವಣೆಯನ್ನು ವಿವರವಾಗಿ ಗುರುತಿಸಿದರು. ಅದುವರೆಗೆ ‘ಕಳೆಯುವ’ ವಸ್ತುವಾಗಿದ್ದ ಕಾಲ ಕಾರ್ಖಾನೆಯಲ್ಲಿ ‘ಖರ್ಚು ಮಾಡುವ’ ವಸ್ತುವಾಯಿತು, ಹಣದಂತೆ ಎಣಿಕೆಗೆ ಬಂತು.

ಮೊದಲ ಕಾನೂನುಗಳು ಮಕ್ಕಳ ಹೆಸರಿನಲ್ಲಿ ಬಂದವು. ಬ್ರಿಟನ್ನಿನ 1802ರ ಕಾಯಿದೆ ಗಿರಣಿಗಳಲ್ಲಿ ದುಡಿಯುವ ಅನಾಥ ಮಕ್ಕಳ ಕೆಲಸವನ್ನು ದಿನಕ್ಕೆ ಹನ್ನೆರಡು ಗಂಟೆಗಳಿಗೆ ಮಿತಿಗೊಳಿಸಿತು. ಜಾರಿಗೆ ತರುವವರಿಲ್ಲದೆ ಅದು ಕಾಗದದಲ್ಲೇ ಉಳಿಯಿತು. 1833ರ ಕಾಯಿದೆ 9ರಿಂದ 13 ವರ್ಷದ ಮಕ್ಕಳಿಗೆ ವಾರಕ್ಕೆ 48 ಗಂಟೆಗಳ ಮಿತಿ ಹಾಕಿತು, ಜೊತೆಗೆ ನಾಲ್ವರು ಇನ್‌ಸ್ಪೆಕ್ಟರುಗಳನ್ನೂ ನೇಮಿಸಿತು. ರಿಚರ್ಡ್ ಓಸ್ಟ್ಲರ್, ಜಾನ್ ಫೀಲ್ಡನ್, ಲಾರ್ಡ್ ಆಶ್ಲಿ ಮೊದಲಾದವರು ಮುನ್ನಡೆಸಿದ ಚಳವಳಿಯ ಫಲವಾಗಿ 1847ರಲ್ಲಿ ಹೆಂಗಸರಿಗೂ ಹದಿಹರೆಯದವರಿಗೂ ದಿನಕ್ಕೆ ಹತ್ತು ಗಂಟೆಯ ಕಾಯಿದೆ ಬಂತು. ಹೆಂಗಸರೂ ಹುಡುಗರೂ ಹೊರಟ ಮೇಲೆ ಗಿರಣಿ ನಡೆಸುವುದು ಕಷ್ಟವಾದ್ದರಿಂದ ಗಂಡಸರ ದಿನವೂ ಚಿಕ್ಕದಾಗುತ್ತ ಬಂತು. 1850ರ ಕಾಯಿದೆಯಂತೆ ಹೆಂಗಸರೂ ಹದಿಹರೆಯದವರೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ಬಿಡಬೇಕಾಯಿತು. ಶನಿವಾರದ ಈ ಅರ್ಧ ದಿನದ ರಜೆಯೇ ಮುಂದೆ ಇಂಗ್ಲೆಂಡಿನ ಕೈಗಾರಿಕಾ ಊರುಗಳಲ್ಲಿ ಫುಟ್‌ಬಾಲ್ ಜನರ ಆಟವಾಗಿ ಬೆಳೆಯಲು ದಾರಿಮಾಡಿತು. ಮೂರು ಗಂಟೆಗೆ ಪಂದ್ಯ ಆರಂಭಿಸುವ ಅಲ್ಲಿನ ರೂಢಿ ಆ ಕಾಲದ ಉಳಿಕೆ.

ಮೂರು ಎಂಟುಗಳ ಕಲ್ಪನೆ

ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್‌ನಲ್ಲಿ ನೂಲಿನ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವನ್ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ತನ್ನ ಕೆಲಸಗಾರರ ದಿನವನ್ನು ಹನ್ನೊಂದು ಗಂಟೆಗೂ ಕಡಿಮೆಗೆ ಇಳಿಸಿದ. ಉಳಿದ ಹೊತ್ತಿಗೆಂದು 1816ರ ಜನವರಿ 1ರಂದು ಒಂದು ಸಂಸ್ಥೆಯನ್ನೂ ತೆರೆದ. ಹಗಲಿನಲ್ಲಿ ಅಲ್ಲಿ ಮಕ್ಕಳ ಶಾಲೆ, ಸಂಜೆ ದೊಡ್ಡವರಿಗೆ ಪಾಠ, ಸಂಗೀತ, ಕುಣಿತ. ಗಿರಣಿ ಲಾಭದಲ್ಲೇ ನಡೆಯಿತು. ದಿನವನ್ನು ಎಂಟು ಗಂಟೆಗಳ ಮೂರು ಪಾಲಾಗಿ ಮಾಡುವ ಘೋಷಣೆಯನ್ನು ಸಾಮಾನ್ಯವಾಗಿ ಓವನ್ನನ ಹೆಸರಿಗೆ, 1817ರ ವರ್ಷಕ್ಕೆ ಸೇರಿಸುತ್ತಾರೆ.

ಘೋಷಣೆ ನಿಜವಾದದ್ದು ಭೂಗೋಳದ ಇನ್ನೊಂದು ತುದಿಯಲ್ಲಿ. ನ್ಯೂಜಿಲೆಂಡಿನಲ್ಲಿ 1840ರಲ್ಲಿ ಸ್ಯಾಮ್ಯುಯೆಲ್ ಪಾರ್ನೆಲ್ ಎಂಬ ಬಡಗಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯಲು ಒಪ್ಪಲಿಲ್ಲ. ಹೊಸ ವಸಾಹತಿನಲ್ಲಿ ಬಡಗಿಗಳೇ ವಿರಳವಾಗಿದ್ದರಿಂದ ಅವನ ಮಾತು ನಡೆಯಿತು. ಆಸ್ಟ್ರೇಲಿಯಾದ ಸಿಡ್ನಿಯ ಕಲ್ಲುಕುಟಿಗರು 1855ರಲ್ಲಿ ಇದನ್ನೇ ಗೆದ್ದರು. 1856ರ ಏಪ್ರಿಲ್ 21ರಂದು ಮೆಲ್ಬರ್ನ್ ವಿಶ್ವವಿದ್ಯಾಲಯದ ಕಟ್ಟಡದಲ್ಲಿ ದುಡಿಯುತ್ತಿದ್ದ ಕಲ್ಲುಕುಟಿಗರು ಉಳಿ ಸುತ್ತಿಗೆ ಕೆಳಗಿಟ್ಟು, ದಾರಿಯುದ್ದಕ್ಕೂ ಇತರ ಕಟ್ಟಡಗಳ ಕೆಲಸಗಾರರನ್ನು ಸೇರಿಸಿಕೊಂಡು ಸಂಸತ್ ಭವನದ ಕಡೆಗೆ ನಡೆದರು. ಅವರ ವಾದ ಸರಳವಾಗಿತ್ತು. ಆಸ್ಟ್ರೇಲಿಯಾದ ಬಿಸಿಲಿನಲ್ಲಿ ಹತ್ತು ಗಂಟೆ ಕಲ್ಲು ಕೆತ್ತಿದವನಿಗೆ ಸಂಜೆ ಪುಸ್ತಕ ಹಿಡಿಯುವ, ಮಕ್ಕಳೊಡನೆ ಮಾತಾಡುವ ಚೈತನ್ಯ ಉಳಿಯುವುದಿಲ್ಲ. ಚಿನ್ನದ ಗಣಿಗಳ ಕಾಲವಾದ್ದರಿಂದ ನಗರದಲ್ಲಿ ಕಟ್ಟಡದ ಕೆಲಸ ಹೇರಳವಾಗಿತ್ತು, ಕುಶಲ ಕೈಗಳು ಕಡಿಮೆ ಇದ್ದವು. ಕೂಲಿ ಕಡಿತವಿಲ್ಲದೆ ಎಂಟು ಗಂಟೆಯ ದಿನ ಅವರಿಗೆ ಸಿಕ್ಕಿತು.

ಗೆದ್ದ ಹೊತ್ತನ್ನು ಅವರು ಹೇಗೆ ಬಳಸಿದರು ಎಂಬುದಕ್ಕೆ ಮೆಲ್ಬರ್ನ್‌ನ ಟ್ರೇಡ್ಸ್ ಹಾಲ್ ಸಾಕ್ಷಿ. 1859ರಲ್ಲಿ ತೆರೆದ ಆ ಕಾರ್ಮಿಕ ಭವನದ ಹೆಸರಿನಲ್ಲೇ ‘ಸಾಹಿತ್ಯ ಸಂಸ್ಥೆ’ ಎಂಬುದೂ ಸೇರಿತ್ತು. ಸಂಘದ ಸಭೆಗಳ ಜೊತೆಗೆ ಓದು, ಪಾಠಗಳಿಗೂ ಅದು ನೆಲೆಯಾಗಬೇಕೆಂಬುದು ಕಟ್ಟಿದವರ ಆಸೆಯಾಗಿತ್ತು. ಎಂಟು ಗಂಟೆಯ ಹಬ್ಬದ ಮೆರವಣಿಗೆ ಅಲ್ಲಿ ಸುಮಾರು ಒಂದು ಶತಮಾನ ಕಾಲ ವರ್ಷವರ್ಷವೂ ನಡೆಯಿತು. 1903ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭದ ಮೇಲೆ ಮೂರು ಎಂಟುಗಳನ್ನು ಒಂದಕ್ಕೊಂದು ಹೆಣೆದು ಕೂರಿಸಿದ್ದಾರೆ. ಅದು ಈಗ ಟ್ರೇಡ್ಸ್ ಹಾಲ್ ಎದುರಿಗಿದೆ.

ಷಿಕಾಗೋದಿಂದ ಜಿನೀವಾದವರೆಗೆ

ಅಮೆರಿಕದಲ್ಲಿ ಇದೇ ಬೇಡಿಕೆಗೆ ರಕ್ತದ ಬೆಲೆ ತೆರಬೇಕಾಯಿತು. ಅಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟ 1884ರಲ್ಲಿ ಒಂದು ನಿರ್ಣಯ ಮಾಡಿ, 1886ರ ಮೇ 1ರಿಂದ ಎಂಟು ಗಂಟೆಯೇ ಪೂರ್ಣ ದಿನವೆಂದು ಸಾರಿತು. ಆ ದಿನ ಲಕ್ಷಾಂತರ ಕೆಲಸಗಾರರು ಹೊರಬಂದರು. ಷಿಕಾಗೋ ಅದರ ಕೇಂದ್ರವಾಗಿತ್ತು. ಮೇ 3ರಂದು ಮೆಕಾರ್ಮಿಕ್ ಕಾರ್ಖಾನೆಯ ಬಳಿ ಪೊಲೀಸರ ಗುಂಡಿಗೆ ಕಾರ್ಮಿಕರು ಸತ್ತರು. ಅದನ್ನು ಖಂಡಿಸಲು ಮರುದಿನ ಹೇಮಾರ್ಕೆಟ್ ಚೌಕದಲ್ಲಿ ನಡೆದ ಸಭೆ ಮುಗಿಯುತ್ತಿದ್ದಾಗ ಯಾರೋ ಬಾಂಬು ಎಸೆದರು. ಬಾಂಬು ಮತ್ತು ಆಮೇಲಿನ ಗುಂಡಿನಲ್ಲಿ ಏಳು ಪೊಲೀಸರೂ ಹಲವು ನಾಗರಿಕರೂ ಸತ್ತರು. ಎಸೆದವನು ಯಾರೆಂದು ಎಂದೂ ಗೊತ್ತಾಗಲಿಲ್ಲ. ಆದರೂ ಎಂಟು ಮಂದಿ ಕಾರ್ಮಿಕ ಮುಂದಾಳುಗಳನ್ನು ಅಪರಾಧಿಗಳೆಂದು ತೀರ್ಮಾನಿಸಿ, ನಾಲ್ವರನ್ನು 1887ರ ನವೆಂಬರ್ 11ರಂದು ಗಲ್ಲಿಗೇರಿಸಿದರು. ಒಬ್ಬ ಅದಕ್ಕೆ ಮುನ್ನಾದಿನ ಸೆರೆಯಲ್ಲೇ ಪ್ರಾಣ ಬಿಟ್ಟ. ಉಳಿದ ಮೂವರನ್ನು 1893ರಲ್ಲಿ ಇಲಿನಾಯ್ ರಾಜ್ಯದ ಗವರ್ನರ್ ಜಾನ್ ಆಲ್ಟ್‌ಗೆಲ್ಡ್, ವಿಚಾರಣೆಯೇ ನ್ಯಾಯವಾಗಿ ನಡೆದಿಲ್ಲವೆಂದು ಬಿಡುಗಡೆ ಮಾಡಿದರು. 1889ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮಾವೇಶ ಎಂಟು ಗಂಟೆಯ ಬೇಡಿಕೆಗಾಗಿ ಮೇ 1ನ್ನು ಗೊತ್ತುಮಾಡಿತು, ಮರುವರ್ಷದಿಂದ ಮೇ ದಿನ ಆಚರಣೆಗೆ ಬಂತು.

ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ದೇಶಗಳು ಒಂದರ ಹಿಂದೊಂದು ಮಣಿದವು. ರಷ್ಯಾದ ಹೊಸ ಸರ್ಕಾರ 1917ರಲ್ಲಿ, ಸ್ಪೇನ್ ಮತ್ತು ಫ್ರಾನ್ಸ್ 1919ರಲ್ಲಿ ಎಂಟು ಗಂಟೆಯನ್ನು ಕಾನೂನು ಮಾಡಿದವು. ಯುದ್ಧಾನಂತರದ ಶಾಂತಿ ಒಪ್ಪಂದದಿಂದ ಹುಟ್ಟಿ ಜಿನೀವಾದಲ್ಲಿ ನೆಲೆಸಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿ ಅಂಗೀಕರಿಸಿದ ಮೊಟ್ಟಮೊದಲ ಒಡಂಬಡಿಕೆಯೇ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಯ ಮಿತಿಯದು. ಅದೇ ಒಡಂಬಡಿಕೆಯಲ್ಲಿ ಬ್ರಿಟಿಷ್ ಭಾರತಕ್ಕೆ ಪ್ರತ್ಯೇಕ ವಿಧಿಯಿತ್ತು: ಇಲ್ಲಿನ ಕಾರ್ಮಿಕರಿಗೆ ವಾರಕ್ಕೆ 60 ಗಂಟೆ.

ಉದ್ಯಮಿಗಳಲ್ಲೂ ಕೆಲವರು ಬಿಡುವಿನ ಬೆಲೆ ಕಂಡುಕೊಂಡರು. ಹೆನ್ರಿ ಫೋರ್ಡ್ 1914ರಲ್ಲಿ ತನ್ನ ಕಾರಿನ ಕಾರ್ಖಾನೆಯಲ್ಲಿ ಎಂಟು ಗಂಟೆಯ ದಿನವನ್ನೂ 1926ರಲ್ಲಿ ವಾರಕ್ಕೆ ಐದೇ ದಿನದ ಕೆಲಸವನ್ನೂ ಜಾರಿಗೆ ತಂದ. ದಣಿಯದ ಕೈ ಹೆಚ್ಚು ಕೆಲಸ ಮಾಡುತ್ತದೆ, ಬಿಡುವಿರುವವನಿಗೇ ಕಾರು ಬೇಕಾಗುತ್ತದೆ ಎಂಬುದು ಅವನ ಲೆಕ್ಕ. ಫ್ರಾನ್ಸಿನಲ್ಲಿ 1936ರ ಬೇಸಗೆಯ ದೊಡ್ಡ ಮುಷ್ಕರಗಳ ನಂತರ ಜನರಂಗದ ಸರ್ಕಾರ ವಾರಕ್ಕೆ 40 ಗಂಟೆಯ ಕೆಲಸವನ್ನೂ ವರ್ಷಕ್ಕೆ ಎರಡು ವಾರದ ಸಂಬಳ ಸಹಿತ ರಜೆಯನ್ನೂ ಕೊಟ್ಟಿತು. ರೈಲಿನಲ್ಲಿ, ಸೈಕಲ್ಲಿನಲ್ಲಿ ಕಡಲ ತೀರಕ್ಕೆ ಹೊರಟ ಕಾರ್ಮಿಕ ಕುಟುಂಬಗಳ ಚಿತ್ರಗಳು ಆ ದೇಶದ ನೆನಪಿನಲ್ಲಿ ಅಚ್ಚೊತ್ತಿ ನಿಂತಿವೆ. ಅವರಲ್ಲಿ ಎಷ್ಟೋ ಜನ ಸಮುದ್ರ ನೋಡಿದ್ದು ಅದೇ ಮೊದಲು.

ಮುಂಬಯಿಯ ಭಾನುವಾರ

ಭಾರತದಲ್ಲಿ ಎಂಟು ಗಂಟೆಯ ಕೂಗು ಷಿಕಾಗೋಗಿಂತ ಹಳೆಯದು. 1862ರಲ್ಲಿ ಕಲ್ಕತ್ತೆಯ ಬಳಿಯ ಹೌರಾದಲ್ಲಿ ಸುಮಾರು 1200 ರೈಲ್ವೆ ಕೂಲಿಗಳು ಎಂಟು ಗಂಟೆಯ ದಿನ ಕೇಳಿ ಕೆಲಸ ನಿಲ್ಲಿಸಿದ್ದನ್ನು ಆ ಕಾಲದ ಬಂಗಾಳಿ ಪತ್ರಿಕೆ ‘ಸೋಮಪ್ರಕಾಶ’ ವರದಿ ಮಾಡಿತು.

ಕಾವಸ್‌ಜಿ ನಾನಾಭಾಯಿ ದಾವರ್ 1854ರಲ್ಲಿ ಸ್ಥಾಪಿಸಿದ ಹತ್ತಿ ಗಿರಣಿಯಿಂದ ಮುಂಬಯಿಯ ಗಿರಣಿಗಳ ಯುಗ ಆರಂಭವಾಯಿತು. ಬೆಳಕು ಹರಿದಾಗ ಯಂತ್ರ ಶುರು, ಕತ್ತಲಾದಾಗ ಬಂದ್. ಬೇಸಗೆಯ ಹಗಲು ಉದ್ದವಾದಷ್ಟೂ ದುಡಿಮೆ ಉದ್ದ. ಗೊತ್ತಾದ ವಾರದ ರಜೆ ಇರಲಿಲ್ಲ. ಭಾನುವಾರವೂ ಯಂತ್ರ ತೊಳೆಯಲು, ಎಣ್ಣೆ ಹಾಕಲು ಕರೆಯುತ್ತಿದ್ದರು. 1881ರ ಮೊದಲ ಕಾರ್ಖಾನೆ ಕಾಯಿದೆ ಏಳು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಡುವುದನ್ನು ತಡೆದು, 12 ವರ್ಷದೊಳಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ದೊಡ್ಡವರ ಮಾತು ಅದರಲ್ಲಿ ಬರಲಿಲ್ಲ. ಈ ಕಾನೂನಿನ ಹಿಂದೆ ಸೊರಾಬ್‌ಜಿ ಶಾಪೂರ್‌ಜಿ ಬೆಂಗಾಲಿಯಂಥವರ ಕಳಕಳಿ ಇತ್ತು. ಮುಂಬಯಿಯ ಅಗ್ಗದ ಬಟ್ಟೆಗೆ ಕಡಿವಾಣ ಹಾಕಬೇಕೆಂಬ ಲಂಕಾಶೈರ್ ಗಿರಣಿ ಮಾಲೀಕರ ಒತ್ತಡವೂ ಇತ್ತು.

ಕಾರ್ಮಿಕರ ದನಿಯನ್ನೇ ಮುಂದಿಟ್ಟು ಹೋರಾಡಿದವರು ನಾರಾಯಣ ಮೇಘಾಜಿ ಲೋಖಂಡೆ. ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದ ಕಾರ್ಯಕರ್ತರಾಗಿದ್ದ ಅವರು ‘ದೀನಬಂಧು’ ಪತ್ರಿಕೆಯ ಸಂಪಾದಕರು. 1884ರಲ್ಲಿ ಅವರು ಗಿರಣಿ ಕಾರ್ಮಿಕರ ಸಭೆ ಸೇರಿಸಿ, ಸುಮಾರು 5500 ಜನರ ಸಹಿಯೊಡನೆ ವಾರದ ರಜೆ, ನಡುಹಗಲಿನ ಬಿಡುವು, ಸಕಾಲಕ್ಕೆ ಸಂಬಳ ಕೇಳಿ ಮನವಿ ಸಲ್ಲಿಸಿದರು. 1890ರ ಏಪ್ರಿಲ್ 24ರಂದು ಮುಂಬಯಿಯಲ್ಲಿ ಅವರು ಕರೆದ ಸಭೆಗೆ ಹತ್ತು ಸಾವಿರ ಕಾರ್ಮಿಕರು ಬಂದರು. ಇಬ್ಬರು ಹೆಂಗಸರು ಎದ್ದು ಮಾತಾಡಿದ್ದು ಆ ಸಭೆಯ ವಿಶೇಷ. ಅದೇ ವರ್ಷ ಜೂನ್ ತಿಂಗಳಲ್ಲಿ ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಗಿರಣಿಗಳಲ್ಲಿದ್ದ ಮರಾಠಿ ಜನರಿಗೆ ಭಾನುವಾರ ಆಳುವವರ ಧರ್ಮದ ದಿನವಷ್ಟೇ ಆಗಿರಲಿಲ್ಲ, ಅವರ ಕುಲದೈವ ಖಂಡೋಬನ ವಾರವೂ ಆಗಿತ್ತು. ಕರ್ನಾಟಕದಲ್ಲಿ ಮೈಲಾರಲಿಂಗನೆಂದು ನಡೆದುಕೊಳ್ಳುವ ದೈವವೇ ಈ ಖಂಡೋಬ. ಮೈಲಾರನ ವಾರವೂ ಭಾನುವಾರವೇ.

ಮರುವರ್ಷ, 1891ರ ಕಾಯಿದೆ ವಾರದ ರಜೆಯನ್ನು ಕಾನೂನು ಮಾಡಿತು. ಹೆಂಗಸರಿಗೆ ಹನ್ನೊಂದು, ಮಕ್ಕಳಿಗೆ ಏಳು ಗಂಟೆಯ ಮಿತಿ ಬಂತು. 1905ರ ಸುಮಾರಿಗೆ ಗಿರಣಿಗಳಿಗೆ ವಿದ್ಯುದ್ದೀಪ ಬಂದಾಗ ಮತ್ತೆ ಎಲ್ಲೆ ಕಳಚಿತು. ಕತ್ತಲೆಯ ತಡೆ ಇಲ್ಲದ್ದರಿಂದ ದುಡಿಮೆ ಹದಿನಾಲ್ಕು ಗಂಟೆ ದಾಟಿತು. ಇದನ್ನು ವಿಚಾರಿಸಲು ನೇಮಿಸಿದ ಆಯೋಗ 1908ರಲ್ಲಿ ವರದಿ ಕೊಟ್ಟಾಗ, ಬೆಳೆದ ಗಂಡಸರ ದುಡಿಮೆಗೆ ಕಾನೂನು ಕೈಹಾಕಬೇಕಿಲ್ಲ ಎಂಬ ಬಹುಮತದ ನಿಲುವಿಗೆ ಸದಸ್ಯ ಡಾ. ಟಿ. ಎಂ. ನಾಯರ್ ಭಿನ್ನಮತ ಬರೆದರು, ಹನ್ನೆರಡು ಗಂಟೆಯ ಮಿತಿ ಬೇಕೆಂದರು. 1911ರ ಕಾಯಿದೆ ಬಟ್ಟೆ ಗಿರಣಿಗಳ ಮಟ್ಟಿಗೆ ಅದನ್ನೇ ಜಾರಿಗೆ ತಂದಿತು. ಗಂಡಸರ ದುಡಿಮೆಗೆ ಭಾರತದ ಕಾನೂನು ಎಲ್ಲೆ ಹಾಕಿದ್ದು ಅದೇ ಮೊದಲು.

ಅರವತ್ತರಿಂದ ನಲವತ್ತೆಂಟಕ್ಕೆ

ಆಮೇಲಿನ ಮೆಟ್ಟಿಲುಗಳು ಸ್ಪಷ್ಟವಾಗಿವೆ. 1922ರ ಕಾಯಿದೆಯಲ್ಲಿ ದಿನಕ್ಕೆ 11, ವಾರಕ್ಕೆ 60 ಗಂಟೆ. 1934ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ದಿನಕ್ಕೆ 10, ವಾರಕ್ಕೆ 54. 1946ರಲ್ಲಿ ದಿನಕ್ಕೆ 9, ವಾರಕ್ಕೆ 48. ಪ್ರತಿ ಮೆಟ್ಟಿಲಿನ ಹಿಂದೆಯೂ ಸಂಘಟನೆಯ ಬಲವಿತ್ತು. ಮದ್ರಾಸಿನಲ್ಲಿ ಬಿನ್ನಿ ಕಂಪನಿ ನಡೆಸುತ್ತಿದ್ದ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳಲ್ಲಿ ಊಟಕ್ಕೆ ಸಿಗುತ್ತಿದ್ದುದು ಅರ್ಧ ಗಂಟೆ. ಕೈ ತೊಳೆದು, ಬುತ್ತಿ ಬಿಚ್ಚಿ, ತಿಂದು ಮರಳುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. ಅವಸರದ ಊಟದ ಆ ಅಳಲು, ಅಂಥವೇ ಇತರ ಕಷ್ಟಗಳೊಡನೆ, 1918ರ ಏಪ್ರಿಲ್‌ನಲ್ಲಿ ಬಿ. ಪಿ. ವಾಡಿಯಾ ಮುಂದಾಳತ್ವದ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಲು ಕಾರಣವಾಯಿತು. ಅದೇ ನಗರದ ಕಡಲ ತೀರದಲ್ಲಿ 1923ರ ಮೇ 1ರಂದು ಸಿಂಗಾರವೇಲರ್ ಭಾರತದ ಮೊದಲ ಮೇ ದಿನವನ್ನು ಆಚರಿಸಿದರು.

48 ಗಂಟೆಯ ವಾರ ಬರುವಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರ ಪಾತ್ರ ದೊಡ್ಡದು. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಅವರ ಅವಧಿಯಲ್ಲೇ ಕೆಲಸಗಾರರಿಗೆ ಸಂಬಳ ಸಹಿತ ರಜೆ ಕೊಡುವ ಮತ್ತು ವಾರದ ದುಡಿಮೆಯನ್ನು 54ರಿಂದ 48 ಗಂಟೆಗೆ ಇಳಿಸುವ ತಿದ್ದುಪಡಿಗಳು ಕೇಂದ್ರ ಶಾಸನಸಭೆಯ ಮುಂದೆ ಬಂದವು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆ ಇವನ್ನು ಗಟ್ಟಿಗೊಳಿಸಿತು. ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ಎರಡರಷ್ಟು ಕೂಲಿ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ಸಂಬಳ ಸಹಿತ ರಜೆ ಅದರಲ್ಲಿ ಸೇರಿದವು. ಅದೇ ವರ್ಷ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ತನ್ನ 24ನೆಯ ವಿಧಿಯಲ್ಲಿ ವಿಶ್ರಾಂತಿ ಮತ್ತು ಬಿಡುವು ಎಲ್ಲರ ಹಕ್ಕು ಎಂದಿತು. ಭಾರತದ ಸಂವಿಧಾನ ಇನ್ನೂ ಮುಂದೆ ಹೋಯಿತು. ಅದರ 43ನೆಯ ವಿಧಿಯಂತೆ, ಬೇಸಾಯದವರಿರಲಿ, ಕೈಗಾರಿಕೆಯವರಿರಲಿ, ಬೇರೆಯವರಿರಲಿ, ಎಲ್ಲ ಕೆಲಸಗಾರರಿಗೂ ಬದುಕಲು ಸಾಲುವ ಕೂಲಿಯ ಜೊತೆಗೆ ಬಿಡುವನ್ನೂ ಸಾಮಾಜಿಕ, ಸಾಂಸ್ಕೃತಿಕ ಅವಕಾಶಗಳನ್ನೂ ಪೂರ್ತಿಯಾಗಿ ಸವಿಯುವ ಸ್ಥಿತಿ ಒದಗಿಸಲು ರಾಜ್ಯ ಯತ್ನಿಸಬೇಕು. ಬಾಳನ್ನು ತುಂಬಿಕೊಳ್ಳುವ ಮಾತು ಹಿರಿಯರ ಬುದ್ಧಿಮಾತಿನಿಂದ ರಾಜ್ಯದ ಹೊಣೆಯಾಗಿ ಬದಲಾದದ್ದು ಇಲ್ಲಿ.

ಕರ್ನಾಟಕದ ಪಾಳಿಗಳು

ಕನ್ನಡ ನಾಡಿಗೆ ಕಾರ್ಖಾನೆಯ ಗಂಟೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂತು. 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ, ಬೆಂಗಳೂರಿನಲ್ಲಿ ಮುಂದೆ ಬಿನ್ನಿ ಮಿಲ್ ಎಂದೇ ಹೆಸರಾದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿ, ಕೋಲಾರದಲ್ಲಿ ಜಾನ್ ಟೇಲರ್ ಕಂಪನಿಯ ಚಿನ್ನದ ಗಣಿಗಳು ಆರಂಭವಾದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರ ತಲುಪಿತು. ನೆಲದ ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಆ ಗಣಿಗಳಲ್ಲಿ ಹಗಲು ರಾತ್ರಿಗಳ ಗುರುತು ಹಿಡಿಯಲು ಸೈರನ್ನೊಂದೇ ಆಧಾರ. ನೆಲದಡಿಯ ಕೆಲಸಕ್ಕೆ ದಿನಕ್ಕೆ ಎಂಟು ಗಂಟೆಯ ಮಿತಿಯನ್ನು 1952ರ ಗಣಿ ಕಾಯಿದೆ ಹಾಕಿತು. ಅಂಗಡಿ, ಹೋಟೆಲು, ಕಚೇರಿಗಳ ಕೆಲಸಗಾರರಿಗೆ ವಾರಕ್ಕೆ 48 ಗಂಟೆ ಮತ್ತು ವಾರದ ರಜೆಯನ್ನು ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಕೊಟ್ಟಿತು.

ಮೂರನೆಯ ಎಂಟು ಗಂಟೆ ಒಂದು ಊರಿನ ಬದುಕನ್ನು ಹೇಗೆ ಹಿಗ್ಗಿಸುತ್ತದೆ ಎಂಬುದನ್ನು ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾಲ ತೋರಿಸಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸ್ಥಾಪನೆಯಾದವು. ಗೊತ್ತಾದ ಪಾಳಿ, ಗೊತ್ತಾದ ರಜೆ, ಕೆಲಸಗಾರರನ್ನು ಕರೆತಂದು ಮನೆ ಮುಟ್ಟಿಸುವ ಬಸ್ಸು, ಬಡಾವಣೆಯ ಆಟದ ಬಯಲು, ವಾಚನಾಲಯ, ಸಭಾಂಗಣ, ಇವೆಲ್ಲ ಸೇರಿ ಸಂಜೆ ಎಂಬುದು ಕಾರ್ಮಿಕನ ಸ್ವತ್ತಾಯಿತು. ಆ ಸಂಜೆಗಳಲ್ಲಿ ಕಾರ್ಖಾನೆಗಳ ಕನ್ನಡ ಸಂಘಗಳು ಮತ್ತು ಲಲಿತಕಲಾ ಸಂಘಗಳು ಬೆಳೆದವು. ರಾಜ್ಯೋತ್ಸವ, ನಾಟಕ ಸ್ಪರ್ಧೆ, ಕವಿಗೋಷ್ಠಿ, ಕೈಬರಹದ ಪತ್ರಿಕೆ, ಕ್ರೀಡೆಗಳು ನಡೆದವು. ನಗರದ ಹವ್ಯಾಸಿ ರಂಗಭೂಮಿಗೂ ಕನ್ನಡ ಚಳವಳಿಗೂ ಜನಬಲ ಬಂದದ್ದರಲ್ಲಿ ಈ ಉದ್ದಿಮೆಗಳ ನೌಕರರ ಪಾಲು ದೊಡ್ಡದು. ಸುಗಮ ಸಂಗೀತದಲ್ಲಿ ಮೇರು ಹೆಸರಾದ ಸಿ. ಅಶ್ವಥ್ ಐಟಿಐ ನೌಕರರಾಗಿದ್ದರು. ಹಗಲು ಟೆಲಿಫೋನು ಕಾರ್ಖಾನೆ, ಸಂಜೆ ರಂಗಗೀತೆ ಮತ್ತು ರಾಗಸಂಯೋಜನೆ. ಒಂದು ದಿನದಲ್ಲಿ ಎರಡು ಬಾಳು ಹಿಡಿಸಿದ್ದು ಆ ಮೂರನೆಯ ಪಾಲಿನಿಂದ.

ಎಲ್ಲೆ ಮತ್ತೆ ಸಡಿಲವಾದಾಗ

ಕೇಂದ್ರ ಸರ್ಕಾರಿ ಕಚೇರಿಗಳಿಗೆ 1985ರಲ್ಲಿ ಐದು ದಿನದ ವಾರ ಬಂತು. ಅದರ ನಂತರದ ದಶಕಗಳಲ್ಲಿ ಬಂದ ಮಾಹಿತಿ ತಂತ್ರಜ್ಞಾನ, ಕಾಲ್ ಸೆಂಟರು, ಸಿದ್ಧ ಉಡುಪು, ಮನೆ ಬಾಗಿಲಿಗೆ ಸಾಮಾನು ಮುಟ್ಟಿಸುವ ಉದ್ಯೋಗಗಳು ಗಂಟೆಯ ಎಲ್ಲೆಯನ್ನು ಮತ್ತೆ ಮಸುಕಾಗಿಸಿವೆ. ವಿದ್ಯುದ್ದೀಪ ಗಿರಣಿಗೆ ಮಾಡಿದ್ದನ್ನು ಮೊಬೈಲ್ ಫೋನು ಮನೆಗೆ ಮಾಡಿತು. ಕೆಲಸ ಗೇಟು ದಾಟಿ ಊಟದ ತಟ್ಟೆಯ ಬಳಿಗೂ ಹಾಸಿಗೆಯ ಪಕ್ಕಕ್ಕೂ ಬಂದಿದೆ. ಕಾನೂನಿನಲ್ಲೂ ಎಳೆದಾಟ ನಡೆದಿದೆ. 2020ರ ಕೇಂದ್ರ ಕಾರ್ಮಿಕ ಸಂಹಿತೆ ದಿನಕ್ಕೆ ಎಂಟು ಗಂಟೆಯ ಮಾತನ್ನು ಉಳಿಸಿಕೊಂಡಿದೆ. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯಿದೆಗೆ ತಂದ ತಿದ್ದುಪಡಿ, ವಾರದ 48 ಗಂಟೆಯ ಮಿತಿ ಇಟ್ಟುಕೊಂಡೇ ದಿನದ ದುಡಿಮೆಯನ್ನು ಹನ್ನೆರಡು ಗಂಟೆಯವರೆಗೆ ಹಿಗ್ಗಿಸಲು ದಾರಿ ತೆರೆಯಿತು. 2024ರಲ್ಲಿ ಐಟಿ ನೌಕರರ ದಿನವನ್ನು ಹದಿನಾಲ್ಕು ಗಂಟೆಯವರೆಗೆ ಬೆಳೆಸುವ ಪ್ರಸ್ತಾವ ಬಂದಾಗ ನೌಕರರ ಸಂಘಗಳು ಬಲವಾಗಿ ವಿರೋಧಿಸಿದವು.

ಹೆಚ್ಚು ಹೊತ್ತು ದುಡಿದರೆ ಏನಾಗುತ್ತದೆ ಎಂಬುದರ ಲೆಕ್ಕ ಈಗ ವೈದ್ಯರ ಕೈಯಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಬಡಿಯುವ ಸಂಭವ ಸುಮಾರು ಶೇ. 35, ಹೃದ್ರೋಗದಿಂದ ಸಾಯುವ ಸಂಭವ ಸುಮಾರು ಶೇ. 17 ಹೆಚ್ಚು. ದೀರ್ಘ ದುಡಿಮೆಗೆ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 7,45,000 ಜನ ಬಲಿಯಾದರೆಂದು ಅದು ಅಂದಾಜು ಮಾಡಿತು. ಇನ್ನೊಂದು ಕಡೆ, ಐಸ್‌ಲ್ಯಾಂಡಿನಲ್ಲಿ 2015ರಿಂದ 2019ರವರೆಗೆ ಸುಮಾರು 2500 ನೌಕರರ ವಾರವನ್ನು ಸಂಬಳ ಕಡಿಯದೆ 35, 36 ಗಂಟೆಗೆ ಇಳಿಸಿ ನೋಡಿದರು. ಕೆಲಸ ಕುಂದಲಿಲ್ಲ, ನೌಕರರ ನೆಮ್ಮದಿ ಹೆಚ್ಚಿತು.

ಇನ್ನೂ ಸಿಗದ ಪಾಲು

ಈ ಇತಿಹಾಸದ ಬಹುಭಾಗ ಕಾರ್ಖಾನೆಯ ಗೇಟಿನೊಳಗೆ ನಡೆದದ್ದು. ಭಾರತದ ದುಡಿಯುವ ಜನರಲ್ಲಿ ಬಹುಪಾಲು ಆ ಗೇಟಿನ ಹೊರಗಿದ್ದಾರೆ. ಹೊಲದ ಕೂಲಿಯವರು, ಕಟ್ಟಡದ ಗಾರೆ ಕೆಲಸದವರು, ಮನೆಗೆಲಸದವರು, ಬೀದಿ ಬದಿಯ ವ್ಯಾಪಾರಿಗಳು, ಆಟೋ ಓಡಿಸುವವರು ದುಡಿದಷ್ಟೇ ಉಣ್ಣುವವರು. ಅವರ ದಿನಕ್ಕೆ ಸೈರನ್ ಇಲ್ಲ. ಹೆಂಗಸರು ಮನೆಯಲ್ಲಿ ದುಡಿಯುವ ಹೊತ್ತಿನ ಲೆಕ್ಕವಂತೂ ಕಾಯಿದೆಗಳಲ್ಲಿ ಸೇರಿಯೇ ಇಲ್ಲ. 2019ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯ ಕೂಲಿಯಿಲ್ಲದ ಕೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು ಕೊಡುತ್ತಿದ್ದುದು 97 ನಿಮಿಷ. ಹೊರಗೆ ಎಂಟು ಗಂಟೆ ದುಡಿದು ಬಂದ ಹೆಂಗಸಿಗೆ ಮನೆಯಲ್ಲಿ ಎರಡನೆಯ ಪಾಳಿ ಕಾದಿರುತ್ತದೆ. ಅವಳ ಪಾಲಿನ ಮೂರನೆಯ ಎಂಟು ಗಂಟೆ ಅಡುಗೆಮನೆಯಲ್ಲಿ ಕರಗಿಹೋಗುತ್ತದೆ. ಗಂಡಸಿನ ಬಿಡುವು ಎಷ್ಟೋ ಸಲ ಅವಳ ಹೊತ್ತಿನಿಂದಲೇ ಬಂದದ್ದು.

ಕಲ್ಲುಕುಟಿಗರು, ಗಿರಣಿಯ ಹೆಂಗಸರು, ಅರ್ಧ ಗಂಟೆಯಲ್ಲಿ ಬುತ್ತಿ ಉಣ್ಣುತ್ತಿದ್ದ ಮದ್ರಾಸಿನ ಕೂಲಿಗಳು ಕೇಳಿದ್ದು ಬಾಳಿಗೊಂದು ಜಾಗವನ್ನು. ಆ ಜಾಗ ಸಿಕ್ಕ ಕಡೆಯೆಲ್ಲ ಪುಸ್ತಕ, ಹಾಡು, ಆಟ, ನಾಟಕ, ಕಡಲ ತೀರದ ಒಂದು ದಿನ ಅದನ್ನು ತುಂಬಿವೆ. ಸಂವಿಧಾನದ 43ನೆಯ ವಿಧಿ ಬೇಸಾಯದವರನ್ನು ಮೊದಲು ಹೆಸರಿಸಿ ಎಲ್ಲ ಕೆಲಸಗಾರರನ್ನೂ ಒಳಗೊಳ್ಳುತ್ತದೆ. ಸೋಮವಾರ ಎತ್ತಿನ ಹೆಗಲಿನಿಂದ ನೊಗ ಇಳಿಸುವ ನಾಡಿನಲ್ಲಿ ಹೊಲದ ಕೂಲಿಯವಳಿಗೂ ಮನೆಗೆಲಸದವಳಿಗೂ ಅಂಥ ಒಂದು ದಿನ, ಅಂಥ ಒಂದು ಸಂಜೆ ಹಕ್ಕಾಗಿ ದಕ್ಕುವವರೆಗೆ ಎಂಟು ಗಂಟೆಯ ದಿನದ ಕೆಲಸ ಮುಗಿದಂತಾಗುವುದಿಲ್ಲ.